ಕೇಳದೆಯೇ ಸಿಗುವ ಪುಸ್ತಕ

ಮದ್ರಾಸಿಗೆ ಬಂದು ನಲವತ್ತು ವರ್ಷ ದಾಟಿತು. ಊರಿನ ಹೆಸರು ಚೆನ್ನೈ ಆದದ್ದು 1996ರಲ್ಲಿ. ನನ್ನ ಬಾಯಲ್ಲಿ ಮಾತ್ರ ಇವತ್ತಿಗೂ ಮದ್ರಾಸೇ. ಅಮ್ಮನೂ ಹಾಗೆಯೇ. "ಮಗ ಎಲ್ಲಿ ಕೆಲಸದಲ್ಲಿರುವುದು?" ಎಂದು ಯಾರಾದರೂ ಕೇಳಿದರೆ "ಮದರಾಸಿನಲ್ಲಿ" ಎನ್ನುತ್ತಿದ್ದರು. ಹಾಗೆ ಹೇಳುವಾಗ ಅವರಿಗೆ ಪರವೂರಿನ ಹೆಸರು ಹೇಳಿದ ಹಾಗೆ ಅನ್ನಿಸುತ್ತಿರಲಿಲ್ಲ. ಅವರು ಹುಟ್ಟಿದ್ದೇ ಮದ್ರಾಸ್ ಪ್ರಾಂತ್ಯದಲ್ಲಿ. 1956ರ ನವೆಂಬರ್ 1ರವರೆಗೆ ನಮ್ಮ ಪುತ್ತೂರು, ಮಂಗಳೂರು, ಕಾಸರಗೋಡು ಎಲ್ಲವೂ ಮದ್ರಾಸಿಗೆ ಸೇರಿದ ಸೌತ್ ಕೆನರಾ ಜಿಲ್ಲೆ. ಹೈಕೋರ್ಟು, ಯೂನಿವರ್ಸಿಟಿ, ಸರ್ಕಾರ ಎಲ್ಲದಕ್ಕೂ ನಮ್ಮವರು ಮುಖ ಮಾಡಿದ್ದು ಈ ಕಡೆಗೇ.

ಈ ಸಲ ಹೇಳಹೊರಟಿರುವುದು ಒಂದು ರಬ್ಬರ್ ಸ್ಟ್ಯಾಂಪಿನ ಕಥೆ. ಸ್ವಲ್ಪ ಸುತ್ತುದಾರಿ ಹಿಡಿಯುತ್ತೇನೆ, ಬೇಸರ ಮಾಡಬೇಡಿ.

ನಾನು ಪ್ರೈಮರಿಯಲ್ಲಿದ್ದಾಗ ನಮ್ಮ ಹಳ್ಳಿಯಲ್ಲಿ ಒಂದು ಕೋಣೆಯ ಲೈಬ್ರೆರಿ ಇತ್ತು. ಎರಡು ಬೆಂಚು, ಒಂದು ಮೇಜು, ಗಾಜಿನ ಬಾಗಿಲಿನ ಎರಡು ಕಪಾಟು. ಕಪಾಟಿಗೆ ಬೀಗ. ಬೀಗದ ಕೈ ರಿಟೈರಾದ ಒಬ್ಬರು ಮಾಷ್ಟ್ರ ಹತ್ತಿರ. ಬೇಕಾದ ಪುಸ್ತಕದ ಹೆಸರನ್ನು ಅವರ ಹತ್ತಿರ ಹೇಳಬೇಕು, ಅವರು ತೆಗೆದುಕೊಡಬೇಕು. ಬೇರೆಯವರಿಗೆ ಇದು ದೊಡ್ಡ ಸಂಗತಿಯಲ್ಲ. ನನಗೆ ದೊಡ್ಡದೇ. ಅಪರಿಚಿತರ ಮುಂದೆ, ಹಿರಿಯರ ಮುಂದೆ ನನ್ನ ನಾಲಗೆ ಅಂಟಿಕೊಳ್ಳುತ್ತಿತ್ತು. ಮೊದಲ ಅಕ್ಷರ ಬಂದರೆ ಎರಡನೆಯದು ಬಾರದು. ಹಾಗಾಗಿ ಗಾಜಿನ ಹೊರಗೆ ನಿಂತು ಪುಸ್ತಕಗಳ ಬೆನ್ನು ಓದುತ್ತಿದ್ದೆ. ಮಾಷ್ಟ್ರು ಕನಿಕರಪಟ್ಟು ಏನು ಕೊಟ್ಟರೋ ಅದನ್ನು ತಗೊಂಡು ಬರುತ್ತಿದ್ದೆ. ಒಮ್ಮೆ ಒಂದು ತಿಂಗಳಲ್ಲಿ ಎರಡು ಸಲ ಅದೇ ಪುಸ್ತಕ ಬಂತು. "ಇದು ಆಯ್ತು" ಎಂದು ಹೇಳಲಾಗದೆ ಎರಡನೇ ಸಲವೂ ಓದಿದೆ!

ಹಾಗೆ ಬಂದ ಹಳೆಯ ಪುಸ್ತಕವೊಂದರ ಮೊದಲ ಪುಟದಲ್ಲಿ ಮಾಸಿದ ನೇರಳೆ ಬಣ್ಣದ ದುಂಡನೆಯ ಸ್ಟ್ಯಾಂಪು ಇತ್ತು. ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಆಗ ತಾನೇ ಕಲಿತಿದ್ದೆ. "ಲೋಕಲ್ ಲೈಬ್ರೆರಿ ಅಥಾರಿಟಿ, ಸೌತ್ ಕೆನರಾ" ಎಂದಿತ್ತು. ಆಗ ನಾವು ಮೈಸೂರು ರಾಜ್ಯದವರಾಗಿ ಹತ್ತು ವರ್ಷ ಕಳೆದಿತ್ತು. ಈ ಅಥಾರಿಟಿ ಯಾರು, ನಮ್ಮ ಹಳ್ಳಿಗೆ ಪುಸ್ತಕ ಯಾಕೆ ಕಳಿಸಿದರು ಎಂಬುದು ತಿಳಿಯಲಿಲ್ಲ. ಕೇಳೋಣವೆಂದರೆ, ಹೇಳಿದೆನಲ್ಲ, ಕೇಳುವುದೇ ಕಷ್ಟ.

ಉತ್ತರ ಸಿಕ್ಕಿದ್ದು ಮದ್ರಾಸಿಗೆ ಬಂದ ಮೇಲೆ.

ನಾನಿಲ್ಲಿಗೆ ಬಂದದ್ದು 1978ರಲ್ಲಿ, ಪ್ಯಾರಿಸ್ ಕಾರ್ನರಿನ ಒಂದು ಕಂಪನಿಯ ಲೆಕ್ಕದ ವಿಭಾಗಕ್ಕೆ. ವಾಸ ಟ್ರಿಪ್ಲಿಕೇನಿನ ಒಂದು ಮ್ಯಾನ್ಶನ್ನಿನಲ್ಲಿ, ಒಂದು ಕೋಣೆಗೆ ಮೂವರು. ತಮಿಳು ಬಾರದು. ಇಂಗ್ಲಿಷ್ ಬರೆಯಬಲ್ಲೆ, ಮಾತಾಡಲಾರೆ. ಆಫೀಸಿನಲ್ಲಿ ಫೋನ್ ರಿಂಗಾದರೆ ನನಗೆ ಎಲ್ಲಿಲ್ಲದ ಬಾಯಾರಿಕೆ, ನೀರು ಕುಡಿಯಲು ಎದ್ದುಹೋಗುತ್ತಿದ್ದೆ. ಒಮ್ಮೆ ಮೇಲಿನವರು ಎಲ್ಲರ ಎದುರು ಏನೋ ಕೇಳಿದರು. ಉತ್ತರ ಗೊತ್ತಿತ್ತು, ಆದರೆ ಬಾಯಿಗೆ ಬರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆ ದಿನ ಊರಿಗೆ ಹೊರಡುವುದೆಂದು ಪೆಟ್ಟಿಗೆ ಕಟ್ಟಿದ್ದೆ. ಸಂಬಳಕ್ಕೆ ಇನ್ನೂ ಎಂಟು ದಿನ ಇತ್ತು. ರೈಲಿಗೆ ದುಡ್ಡಿಲ್ಲದೆ ಉಳಿದೆ ಅನ್ನುವುದೇ ಸರಿ.

ಆ ಎಂಟು ದಿನದಲ್ಲೇ ಒಂದು ಶನಿವಾರ ಮಧ್ಯಾಹ್ನ, ಬಿಸಿಲು ತಪ್ಪಿಸಿಕೊಳ್ಳಲು ಎಗ್ಮೋರಿನ ಪ್ಯಾಂಥಿಯನ್ ರೋಡಿನ ಕನ್ನೆಮಾರ ಲೈಬ್ರೆರಿಗೆ ಹೊಕ್ಕೆ. ಮ್ಯೂಸಿಯಂ ಆವರಣದಲ್ಲೇ ಇದೆ. 1890ರಲ್ಲಿ ಗವರ್ನರ್ ಲಾರ್ಡ್ ಕನ್ನೆಮಾರ ಅಡಿಗಲ್ಲು ಹಾಕಿ, 1896ರ ಡಿಸೆಂಬರ್ 5ರಂದು ಬಾಗಿಲು ತೆರೆದ ಲೈಬ್ರೆರಿ. ಹಳೆಯ ಕಟ್ಟಡ ಅರಮನೆಯ ಹಾಗಿದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅರಮನೆಯಲ್ಲ. ಹೊಸ ಕಟ್ಟಡದಲ್ಲಿ ಸಾಲುಸಾಲು ಕಪಾಟು, ಯಾವುದಕ್ಕೂ ಬಾಗಿಲಿಲ್ಲ, ಬೀಗವಿಲ್ಲ. ಜನ ತಮ್ಮ ಪಾಡಿಗೆ ನಡೆದುಹೋಗಿ ಪುಸ್ತಕ ತೆಗೆದು, ನಿಂತು ಓದಿ, ಬೇಡವಾದರೆ ಬಿಟ್ಟು ಇನ್ನೊಂದು ತೆಗೆಯುತ್ತಿದ್ದರು. ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ನನಗೆ ಇದು ನಂಬಲಾಗದ ಸುಖ.

ಶನಿವಾರಗಳು ಹಾಗೆ ಶುರುವಾದವು. ಮೊದಲು ಆರ್. ಕೆ. ನಾರಾಯಣ್. ಮೈಸೂರಿನಲ್ಲಿ ಬಾಳಿದವರು, ಆದರೆ ಹುಟ್ಟಿ ಬೆಳೆದದ್ದು ಮದ್ರಾಸಿನ ಪುರಸವಾಕದಲ್ಲಿ. ಅವರ ಪುಸ್ತಕ ಓದುವಾಗ, ಇಂಗ್ಲಿಷಿನಲ್ಲೂ ನಮ್ಮಂಥವರ ಸಂಗತಿಯನ್ನು ಸಣ್ಣ ಸಣ್ಣ ವಾಕ್ಯಗಳಲ್ಲಿ ಹೇಳಬಹುದು ಎಂದು ಗೊತ್ತಾಯಿತು. ಆಮೇಲೆ ಲೆಕ್ಕಶಾಸ್ತ್ರದ ಪುಸ್ತಕಗಳು. ಹಾಗೇ ಒಂದು ದಿನ ಕೈಗೆ ಬಂದದ್ದು, ಲೈಬ್ರೆರಿಗಳ ಬಗ್ಗೆಯೇ ಬರೆದ ಒಂದು ಪುಸ್ತಕ. ಹೆಸರು 'ಫೈವ್ ಲಾಸ್ ಆಫ್ ಲೈಬ್ರೆರಿ ಸೈನ್ಸ್', ಮದ್ರಾಸ್ ಲೈಬ್ರೆರಿ ಅಸೋಸಿಯೇಶನ್ 1931ರಲ್ಲಿ ಪ್ರಕಟಿಸಿದ್ದು. ಬರೆದವರು ಎಸ್. ಆರ್. ರಂಗನಾಥನ್.

ಓದುಗರಲ್ಲಿ ಲೈಬ್ರೆರಿಯ ಕೆಲಸದವರು ಇದ್ದರೆ ಈ ಹೆಸರು ಕೇಳಿ ಕೈಮುಗಿಯುತ್ತಾರೆ. ಉಳಿದವರಿಗಾಗಿ ಹೇಳುತ್ತೇನೆ.

ರಂಗನಾಥನ್ ಹುಟ್ಟಿದ್ದು 1892ರಲ್ಲಿ, ತಂಜಾವೂರು ಸೀಮೆಯ ಶೀರ್ಕಾಳಿಯಲ್ಲಿ. ಆರನೇ ವಯಸ್ಸಿಗೆ ತಂದೆ ತೀರಿಕೊಂಡರು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತ ಓದಿ ಎಂ.ಎ. ಮಾಡಿದರು. ಗಣಿತದ ಮೇಷ್ಟರಾಗಿ ಬಾಳುವುದೇ ಅವರ ಆಸೆ. ಮೊದಲ ಕೆಲಸ ಎಲ್ಲಿ ಗೊತ್ತೇ? 1917ರಲ್ಲಿ, ನಮ್ಮ ಮಂಗಳೂರಿನ ಗವರ್ನಮೆಂಟ್ ಕಾಲೇಜಿನಲ್ಲಿ! ಇವತ್ತು ಹಂಪನಕಟ್ಟೆಯಲ್ಲಿ ಯೂನಿವರ್ಸಿಟಿ ಕಾಲೇಜು ಎಂದು ಕರೆಯುತ್ತಾರಲ್ಲ, ಅದೇ. ಅಲ್ಲಿಂದ ಕೊಯಮತ್ತೂರು, ಆಮೇಲೆ 1921ರಲ್ಲಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು.

ಇನ್ನೊಂದು ಸಂಗತಿ ನಾನು ತಿಳಿದದ್ದು ಆಮೇಲೆ, ಅವರ ಜೀವನದ ಬಗ್ಗೆ ಬೇರೆ ಕಡೆ ಓದುವಾಗ. ಅವರಿಗೆ ಉಗ್ಗು ಇತ್ತು. ತರಗತಿಯ ಮುಂದೆ ನಿಂತು ಪಾಠ ಹೇಳಬೇಕಾದ ಮನುಷ್ಯನಿಗೆ ಉಗ್ಗು! ಅದನ್ನು ಅವರು ನಿಧಾನವಾಗಿ, ವರ್ಷಗಟ್ಟಲೆ ಕೆಲಸ ಮಾಡುತ್ತಾ ಗೆದ್ದರಂತೆ. ಆ ಸಾಲು ಓದಿದ ಕೂಡಲೇ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

1923ರಲ್ಲಿ ಮದ್ರಾಸ್ ಯೂನಿವರ್ಸಿಟಿ ತನ್ನ ಮೊದಲ ಲೈಬ್ರೇರಿಯನ್ ಹುದ್ದೆಗೆ ಅರ್ಜಿ ಕರೆಯಿತು. ಸುಮಾರು 900 ಅರ್ಜಿ ಬಂದವು, ಆ ಕೆಲಸದಲ್ಲಿ ತರಬೇತಿ ಆದವರು ಒಬ್ಬರೂ ಇರಲಿಲ್ಲ. ರಂಗನಾಥನ್ ಅವರೂ ಅರ್ಜಿ ಹಾಕಿ ಮರೆತೇಬಿಟ್ಟಿದ್ದರು. ಇಂಟರ್‌ವ್ಯೂಗೆ ಕರೆ ಬಂದಾಗ ಅವರಿಗೆ ಈ ವಿಷಯದಲ್ಲಿ ಏನೂ ಗೊತ್ತಿಲ್ಲ. ಕೆಲವು ದಿನ ಮುಂಚೆ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ತೆಗೆದು, ಲೈಬ್ರೆರಿಗಳ ಮೇಲಿದ್ದ ಲೇಖನ ಓದಿಕೊಂಡು ಹೋದರು. ಅಷ್ಟೇ ಬಂಡವಾಳ. ಕೆಲಸ ಸಿಕ್ಕಿತು! 1924ರ ಜನವರಿಯಲ್ಲಿ ಸೇರಿದರು.

ಸೇರಿದ ಮೇಲೆ ಪಶ್ಚಾತ್ತಾಪ. ಲೈಬ್ರೆರಿಯಲ್ಲಿ ಓದುವವರೇ ಇಲ್ಲ. ಬೆಳಗಿನಿಂದ ಸಂಜೆ ತನಕ ಒಬ್ಬರೇ. ಕೆಲವೇ ವಾರಗಳಲ್ಲಿ "ನನ್ನ ಗಣಿತದ ಕೆಲಸವೇ ವಾಪಸ್ ಕೊಡಿ" ಎಂದು ಮೇಲಿನವರ ಹತ್ತಿರ ಹೋದರು. ಅವರು ಒಂದು ಒಪ್ಪಂದ ಮಾಡಿಕೊಂಡರು. ಮೊದಲು ಇಂಗ್ಲೆಂಡಿಗೆ ಹೋಗಿ ಈ ವಿದ್ಯೆ ಕಲಿತು ಬನ್ನಿ, ಆಮೇಲೂ ಬೇಡವೆನಿಸಿದರೆ ಗಣಿತಕ್ಕೆ ಮರಳಬಹುದು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಸೇರಿದರು, ಬ್ರಿಟನ್ನಿನ ನೂರಕ್ಕೂ ಹೆಚ್ಚು ಲೈಬ್ರೆರಿಗಳನ್ನು ಸುತ್ತಿದರು. ಸಾಮಾನ್ಯ ಜನ ಕೆಲಸ ಮುಗಿಸಿ ಬಂದು ತಾವೇ ಕಪಾಟಿಗೆ ಕೈಹಾಕಿ ಓದುವುದನ್ನು ಅಲ್ಲಿ ಕಂಡರು. ಆ ಹೊತ್ತಿಗೆ ನಮ್ಮಲ್ಲಿ ಲೈಬ್ರೆರಿಯೆಂದರೆ ಹೆಚ್ಚಾಗಿ ಪುಸ್ತಕ ಕಳೆದುಹೋಗದಂತೆ ಕಾಯುವ ಜಾಗ. 1925ರಲ್ಲಿ ಹಿಂತಿರುಗಿದ ರಂಗನಾಥನ್ ಗಣಿತದ ಕೆಲಸ ಕೇಳಲಿಲ್ಲ. ಮದ್ರಾಸ್ ಯೂನಿವರ್ಸಿಟಿ ಲೈಬ್ರೆರಿಯಲ್ಲಿ ಕಪಾಟುಗಳನ್ನು ಓದುಗರಿಗೆ ತೆರೆದಿಟ್ಟರು. ತೆರೆದಿರುವ ಹೊತ್ತನ್ನು ಹೆಚ್ಚಿಸಿದರು. 1936ರಲ್ಲಿ ಮರೀನಾ ಎದುರಿನ ಸ್ವಂತ ಕಟ್ಟಡಕ್ಕೆ ಲೈಬ್ರೆರಿ ಬಂತು. ಅವರು ಅಲ್ಲಿದ್ದದ್ದು ಸುಮಾರು ಇಪ್ಪತ್ತು ವರ್ಷ. ಒಂದು ದಿನವೂ ರಜೆ ಹಾಕಲಿಲ್ಲ ಎಂದು ಹೇಳುತ್ತಾರೆ.

ಅವರ ಐದು ಸೂತ್ರಗಳನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಇಷ್ಟು. ಪುಸ್ತಕ ಇರುವುದು ಬಳಸಲಿಕ್ಕೆ, ಕಾಯಲಿಕ್ಕಲ್ಲ. ಯಾವ ಓದುಗನಿಗೂ ಅವನಿಗೆ ಬೇಕಾದ ಪುಸ್ತಕ ಸಿಗಬೇಕು. ಯಾವ ಪುಸ್ತಕಕ್ಕೂ ತನ್ನ ಓದುಗ ಸಿಗಬೇಕು. ಓದುಗನ ಹೊತ್ತು ಹಾಳಾಗಬಾರದು. ಕೊನೆಯದು, ಲೈಬ್ರೆರಿ ಬೆಳೆಯುತ್ತಿರುವ ಜೀವ. ಕೇಳಲು ಎಷ್ಟು ಸಾದಾ! ಆದರೆ ಎರಡನೆಯ ಸೂತ್ರವನ್ನು ಅವರು ಎಳೆದುಕೊಂಡು ಹೋಗುವುದು ನೋಡಬೇಕು. ಉಳ್ಳವರಿಗಿದ್ದರೆ ಬಡವರಿಗೂ ಇರಬೇಕು, ಗಂಡಸರಿಗಿದ್ದರೆ ಹೆಂಗಸರಿಗೂ, ಪೇಟೆಗಿದ್ದರೆ ಹಳ್ಳಿಗೂ, ಕಣ್ಣಿಲ್ಲದವರಿಗೂ, ಜೈಲಿನಲ್ಲಿರುವವರಿಗೂ. 1931ರಲ್ಲಿ, ಸ್ವಾತಂತ್ರ್ಯಕ್ಕೆ ಇನ್ನೂ ಹದಿನಾರು ವರ್ಷ ಇರುವಾಗ ಈ ಮಾತು. ಅದೇ ವರ್ಷ ತಂಜಾವೂರು ಜಿಲ್ಲೆಯ ಮನ್ನಾರ್‌ಗುಡಿಯಲ್ಲಿ ಎತ್ತಿನಗಾಡಿಯಲ್ಲಿ ಪುಸ್ತಕ ತುಂಬಿ ಹಳ್ಳಿಹಳ್ಳಿಗೆ ಒಯ್ಯುವ ಲೈಬ್ರೆರಿಯೂ ಹೊರಟಿತು.

ಮೂರನೆಯ ಸೂತ್ರ ನೋಡಿದಾಗ ನನಗೆ ನೆನಪಾಗುವುದು ಶ್ರೀನಿವಾಸ ರಾಮಾನುಜನ್. ಕುಂಭಕೋಣಂನಲ್ಲಿ ಹದಿನಾರು ವರ್ಷದ ಹುಡುಗನಾಗಿದ್ದಾಗ, ಅಲ್ಲಿನ ಕಾಲೇಜಿನ ಲೈಬ್ರೆರಿಯಿಂದ ಕಾರ್ ಎಂಬ ಇಂಗ್ಲಿಷ್ ಟ್ಯೂಶನ್ ಮೇಷ್ಟರ ಪುಸ್ತಕ ಅವರ ಕೈಗೆ ಸಿಕ್ಕಿತು ಎನ್ನುತ್ತಾರೆ. ಪರೀಕ್ಷೆಗೆ ಓದುವವರಿಗಾಗಿ ಗಣಿತದ ಸುಮಾರು 5000 ಫಲಿತಾಂಶಗಳನ್ನು ಸಾಲಾಗಿ ಜೋಡಿಸಿದ ಪುಸ್ತಕ. ವಿವರಣೆ ಕಡಿಮೆ. ಲಂಡನ್ನಿನಲ್ಲಿ ಅದೊಂದು ಗೈಡು. ಕುಂಭಕೋಣಂನಲ್ಲಿ ಅದನ್ನು ಓದಿದ ಹುಡುಗ ಪ್ರತಿಯೊಂದನ್ನೂ ತಾನೇ ಸಾಧಿಸಿ ನೋಡಹೊರಟ. ಕಾಲೇಜು ಪರೀಕ್ಷೆಯಲ್ಲಿ ಫೇಲಾದ ಆ ಹುಡುಗ ಮದ್ರಾಸ್ ಪೋರ್ಟ್ ಟ್ರಸ್ಟಿನಲ್ಲಿ ಗುಮಾಸ್ತನಾಗಿ ಕೂತು, 1913ರಲ್ಲಿ ಕೇಂಬ್ರಿಜ್‌ನ ಹಾರ್ಡಿಗೆ ಪತ್ರ ಬರೆದ. ಆ ಧೈರ್ಯ ಎಲ್ಲಿಂದ ಬಂತು? ತಾನು ಕಂಡದ್ದು ನಿಜ ಎಂಬುದು ತನಗೇ ಗೊತ್ತಿದ್ದರಿಂದ. ಇದೇ ರಾಮಾನುಜನ್ ಬಗ್ಗೆ 1967ರಲ್ಲಿ ಒಂದು ಪುಸ್ತಕವನ್ನೇ ಬರೆದವರು ನಮ್ಮ ರಂಗನಾಥನ್.

ಹಾಗೆಂದು ಒಂದು ಪುಸ್ತಕ ಓದಿದವರೆಲ್ಲ ರಾಮಾನುಜನ್ ಆಗುವುದಿಲ್ಲ. ನನ್ನ ಕಥೆ ಬಹಳ ಸಣ್ಣದು. ಮೂರ್ನಾಲ್ಕು ವರ್ಷದ ಮೇಲೆ ಆಫೀಸಿಗೆ ಆಡಿಟಿಗೆ ಬಂದವರು ಒಂದು ಲೆಕ್ಕದ ಮೇಲೆ ತಕರಾರು ತೆಗೆದರು. ಆ ಲೆಕ್ಕ ನನ್ನದು. ಹಿಂದಿನ ಶನಿವಾರ, ಅದರ ಹಿಂದಿನ ಶನಿವಾರ ಅದೇ ವಿಷಯ ಕೂತು ಓದಿದ್ದೆ. ಮೊದಲ ವಾಕ್ಯ ತಡವರಿಸಿತು. ಎರಡನೆಯದೂ ತಡವರಿಸಿತು. ಆದರೆ ನಿಲ್ಲಿಸಲಿಲ್ಲ. ಪುಸ್ತಕದಲ್ಲಿ ಆ ವಿಷಯ ಎಡಗಡೆಯ ಪುಟದಲ್ಲಿತ್ತು ಎನ್ನುವುದೂ ಕಣ್ಣಿಗೆ ಕಾಣುತ್ತಿತ್ತು. ಹತ್ತು ನಿಮಿಷ ಮಾತಾಡಿದೆನಂತೆ. ಯಾರೂ ನಗಲಿಲ್ಲ. ಆಡಿಟರು "ಸರಿ" ಎಂದು ತಲೆಯಾಡಿಸಿ ಮುಂದಿನ ಪುಟಕ್ಕೆ ಹೋದರು. ಅವತ್ತಿನಿಂದ ಫೋನ್ ರಿಂಗಾದರೆ ಬಾಯಾರಿಕೆ ಕಡಿಮೆಯಾಯಿತು.

ಓದು ನನ್ನ ನಾಲಗೆಯನ್ನು ಸರಿಮಾಡಲಿಲ್ಲ, ಈಗಲೂ ಕೆಲವು ಅಕ್ಷರ ಕೈಕೊಡುತ್ತವೆ. ಹೇಳುವುದಕ್ಕೆ ಏನಾದರೂ ಇದ್ದರೆ ತಡವರಿಸಿದರೂ ಜನ ಕಾಯುತ್ತಾರೆ ಎಂಬುದನ್ನು ಕಲಿಸಿತು, ಅಷ್ಟೇ. ಬ್ರಿಟಾನಿಕಾದ ಒಂದು ಲೇಖನ ಓದಿಕೊಂಡು ಇಂಟರ್‌ವ್ಯೂಗೆ ಹೋದ ಆ ಮೇಷ್ಟರಿಗೂ ಹಾಗೇ ಆಗಿರಬೇಕು ಎಂದು ನನ್ನ ಊಹೆ. ಇನ್ನೂ ಒಂದು ಊಹೆ ಇದೆ, ತಪ್ಪಿದ್ದರೆ ಕ್ಷಮಿಸಿ. ಬಾಯಿಬಿಟ್ಟು ಕೇಳುವುದು ಎಷ್ಟು ಕಷ್ಟ ಎಂದು ಬಲ್ಲವರೇ ಕಪಾಟಿನ ಬಾಗಿಲು ತೆಗೆಸಿದ್ದು. ಬಾಯಿ ಇರುವವರಿಗೆ ಬೀಗದ ಕಪಾಟಾದರೂ ನಡೆಯುತ್ತದೆ.

ಇನ್ನು ಸ್ಟ್ಯಾಂಪಿನ ವಿಷಯ. ರಂಗನಾಥನ್ ಲೈಬ್ರೆರಿಗಳಿಗೆ ಒಂದು ಕಾನೂನು ಬೇಕೆಂದು 1930ರ ಸುಮಾರಿನಿಂದಲೇ ಹಟಹಿಡಿದಿದ್ದರು. ದೊಡ್ಡವರ ದಾನದಿಂದ ನಡೆಯುವ ಲೈಬ್ರೆರಿ ಆ ದೊಡ್ಡವರ ಜೊತೆಗೇ ಮುಗಿಯುತ್ತದೆ. ಜನರ ತೆರಿಗೆಯಲ್ಲೇ ಅದಕ್ಕೊಂದು ಪಾಲು ಇದ್ದರೆ ಅದು ಜನರ ಹಕ್ಕಾಗುತ್ತದೆ ಎಂಬುದು ಅವರ ವಾದ. ಕೊನೆಗೆ 1948ರಲ್ಲಿ ಮದ್ರಾಸ್ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ಸ್ವತಂತ್ರ ಭಾರತದಲ್ಲಿ ಇಂಥ ಕಾನೂನು ಅದೇ ಮೊದಲು. ಆಸ್ತಿ ತೆರಿಗೆಯ ಮೇಲೆ ಲೈಬ್ರೆರಿಗೆಂದು ಒಂದು ಸಣ್ಣ ಕರ. ಮದ್ರಾಸ್ ನಗರಕ್ಕೊಂದು, ಪ್ರತಿ ಜಿಲ್ಲೆಗೊಂದು 'ಲೋಕಲ್ ಲೈಬ್ರೆರಿ ಅಥಾರಿಟಿ'.

ಆಗ ಮದ್ರಾಸ್ ಪ್ರಾಂತ್ಯದಲ್ಲಿ ಯಾರ್ಯಾರು ಇದ್ದರು? ಕಾಸರಗೋಡು ಸೇರಿ ಇಡೀ ಸೌತ್ ಕೆನರಾ ಇತ್ತು. ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಇತ್ತು. 1953ರವರೆಗೆ ಬಳ್ಳಾರಿ ಇತ್ತು. ಅಂದರೆ ಕನ್ನಡನಾಡಿನ ಈ ಅಂಚುಗಳಿಗೆ ಲೈಬ್ರೆರಿ ಕಾನೂನು ಮೊದಲು ತಲುಪಿದ್ದು ಮದ್ರಾಸಿನಿಂದ. ನಮ್ಮ ಹಳ್ಳಿಯ ಆ ಹಳೆಯ ಪುಸ್ತಕ ಬಂದದ್ದೂ ಅಲ್ಲಿಂದಲೇ. ನಮ್ಮಜ್ಜ ಬೈದುಕೊಂಡೇ ಕಟ್ಟುತ್ತಿದ್ದ ತೆರಿಗೆಯ ಒಂದು ಚೂರು ಪುಸ್ತಕವಾಗಿ ಊರಿಗೆ ಹಿಂತಿರುಗಿತ್ತು. ಗಾಜಿನ ಹೊರಗೆ ನಿಂತ ಹುಡುಗನಿಗೆ ಅದು ಕನಿಕರವೆಂದು ಕಂಡಿತ್ತು. ಅದು ಅವನ ಹಕ್ಕಾಗಿತ್ತು. ಇಷ್ಟು ತಿಳಿಯಲು ನನಗೆ ಮದ್ರಾಸಿಗೆ ಬರಬೇಕಾಯಿತು ನೋಡಿ.

ರಂಗನಾಥನ್ ಮುಂದೆ ಬನಾರಸ್, ದೆಹಲಿ, ಜ್ಯೂರಿಕ್ ಎಲ್ಲ ಸುತ್ತಿದರು. 1956ರಲ್ಲಿ ತಾವು ಉಳಿಸಿದ ಒಂದು ಲಕ್ಷ ರೂಪಾಯಿಯನ್ನು ಮದ್ರಾಸ್ ಯೂನಿವರ್ಸಿಟಿಗೆ ಕೊಟ್ಟರು, ಹೆಂಡತಿ ಶಾರದಾ ಅವರ ಹೆಸರೂ ಸೇರಿದ ಒಂದು ಪ್ರಾಧ್ಯಾಪಕ ಪೀಠಕ್ಕಾಗಿ. 1957ರಲ್ಲಿ ಪದ್ಮಶ್ರೀ ಬಂತು. ಆಮೇಲೆ ಅವರು ನೆಲೆನಿಂತದ್ದು ಬೆಂಗಳೂರಿನಲ್ಲಿ. 1962ರಲ್ಲಿ ಅಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಕೆಳಗೆ ದಸ್ತಾವೇಜು ವಿದ್ಯೆಯ ಕೇಂದ್ರ ಕಟ್ಟಿದರು. ಮೈಸೂರು ರಾಜ್ಯಕ್ಕೂ 1965ರಲ್ಲಿ ಗ್ರಂಥಾಲಯ ಕಾಯ್ದೆ ಬಂತು. ಇವತ್ತು ಕರ್ನಾಟಕದಲ್ಲಿರುವುದು ಅದೇ. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲೇ ತೀರಿಕೊಂಡರು. ಮಂಗಳೂರಿನಲ್ಲಿ ಕೆಲಸ ಶುರುಮಾಡಿ ಬೆಂಗಳೂರಿನಲ್ಲಿ ಮುಗಿಸಿದ ತಮಿಳರು. ನಾನು ಅಲ್ಲಿಂದ ಇಲ್ಲಿಗೆ ಬಂದವನು. ಲೆಕ್ಕ ಸರಿಹೋಯಿತು ಎಂದು ತಮಾಷೆಗೆ ಹೇಳುವುದುಂಟು.

ಇದನ್ನೆಲ್ಲ ಈಗ ಯಾಕೆ ಬರೆದೆ? ಮೊನ್ನೆ ಮೊಮ್ಮಗಳು ರಜೆಗೆ ಬಂದಿದ್ದಳು. ಒಂಬತ್ತು ವರ್ಷ. ಸ್ಕೂಲಿನಲ್ಲಿ ಬಾಯಿಯೇ ಬಿಡುವುದಿಲ್ಲ ಎಂದು ಮಗಳಿಗೆ ಚಿಂತೆ. "ಅಪ್ಪ, ಯಾವುದಾದರೂ ಪರ್ಸನಾಲಿಟಿ ಕ್ಲಾಸಿಗೆ ಹಾಕೋಣ್ವಾ?" ಎಂದಳು. "ನೋಡುವಾ" ಎಂದು ಹೇಳಿ, ಪುಟ್ಟಿಯನ್ನು ಕರಕೊಂಡು ಕೋಟೂರುಪುರಂನ ಅಣ್ಣಾ ಶತಮಾನೋತ್ಸವ ಲೈಬ್ರೆರಿಗೆ ಹೋದೆ. 2010ರಲ್ಲಿ ಶುರುವಾದ ದೊಡ್ಡ ಕಟ್ಟಡ. ಮರುವರ್ಷವೇ ಅದನ್ನು ಮಕ್ಕಳ ಆಸ್ಪತ್ರೆ ಮಾಡುತ್ತೇವೆಂದು ಸರ್ಕಾರ ಹೊರಟಿತ್ತು. ಓದುಗರು ಕೋರ್ಟಿಗೆ ಹೋದರು, ಹೈಕೋರ್ಟು ತಡೆಯಿತು, ಲೈಬ್ರೆರಿ ಉಳಿಯಿತು. ಹಕ್ಕು ಎಂದು ತಿಳಿದ ಜನ ಬಿಟ್ಟುಕೊಡುವುದಿಲ್ಲ.

ಮಕ್ಕಳ ವಿಭಾಗದಲ್ಲಿ ಅವಳನ್ನು ಬಿಟ್ಟು ದೂರ ಕೂತೆ. ಮೊದಲು ಸುಮ್ಮನೆ ನಿಂತಳು. ಅತ್ತಿತ್ತ ನೋಡಿದಳು. ಯಾರೂ ಏನೂ ಕೇಳಲಿಲ್ಲ. ಆಮೇಲೆ ಮೆಲ್ಲಗೆ ಒಂದು ಪುಸ್ತಕ ಎಳೆದಳು, ನೋಡಿ ಇಟ್ಟಳು. ಇನ್ನೊಂದು ಎಳೆದಳು, ನೆಲದಲ್ಲೇ ಕೂತಳು. ಎರಡು ಗಂಟೆ ಹೋದದ್ದು ಗೊತ್ತಾಗಲಿಲ್ಲ. ಬರುವಾಗ ಆಟೋದಲ್ಲಿ ತಿಮಿಂಗಿಲಗಳ ಬಗ್ಗೆ ಹೇಳಲು ಶುರುಮಾಡಿದವಳು ಮನೆ ಮುಟ್ಟುವ ತನಕ ನಿಲ್ಲಿಸಲಿಲ್ಲ. ಆಟೋದವರು ತಿರುಗಿ ನೋಡಿ ತಮಿಳಿನಲ್ಲಿ "ಅಷ್ಟು ದೊಡ್ಡದಾ ಪಾಪಾ?" ಎಂದು ಕೇಳಿದರು. ಅವಳು ಅವರಿಗೂ ಉತ್ತರ ಕೊಟ್ಟಳು.

ಕ್ಲಾಸಿನ ವಿಷಯ ಮಗಳು ಮತ್ತೆ ಎತ್ತಲಿಲ್ಲ. ಬರುವ ಶನಿವಾರ ಮತ್ತೆ ಹೋಗುವುದಿದೆ. ನೀವೂ ನಿಮ್ಮ ಊರಿನಲ್ಲಿ, ಅದು ಮುಂಬಯಿಯಾಗಲಿ, ಪುಣೆಯಾಗಲಿ, ದೂರದ ದೇಶವಾಗಲಿ, ಹತ್ತಿರದ ಲೈಬ್ರೆರಿಗೆ ಮಕ್ಕಳನ್ನು ಒಮ್ಮೆ ಕರಕೊಂಡು ಹೋಗಿ. ಕರಕೊಂಡು ಹೋದ ಮೇಲೆ ಸ್ವಲ್ಪ ದೂರ ಕೂತುಕೊಳ್ಳಿ. ಅಷ್ಟೇ ಸಾಕು.